ಆರ್ಗ್ಯಾನಿಕ್, ಫಿಸಿಕ್ಸ್, ಜೆನೆಟಿಕ್ಸ್ ಮೂರೂ ಒಂದೇ ಸೆಮಿಸ್ಟರ್‌ನಲ್ಲಿ: ಒಂದನ್ನು ಬಿಡಲಾ?

ನಾಲ್ಕು ಬಣ್ಣದ ಹೈಲೈಟರ್:

ಎಲ್ಲರಿಗೂ ನಮಸ್ಕಾರ. ಅಮೆರಿಕದಲ್ಲಿ ಕಾಲೇಜಿನ ಎರಡನೇ ವರ್ಷದಲ್ಲಿದ್ದೇನೆ, ಪ್ರೀಮೆಡ್, ಅಂದರೆ ಮೆಡಿಕಲ್ ಸ್ಕೂಲ್‌ಗೆ ತಯಾರಿ. ಏಳನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂನಲ್ಲಿ ಓದಿ ಆಮೇಲೆ ಇಲ್ಲಿಗೆ ಬಂದವಳು. ತಲೆ ಕೆಟ್ಟಾಗ ಕನ್ನಡದಲ್ಲಿ ಬರೆದರೇ ಸಮಾಧಾನ. ಸ್ವಲ್ಪ ಉದ್ದವಾಗುತ್ತೆ, ಸಹಿಸಿಕೊಳ್ಳಿ.

ಈ ಫಾಲ್‌ನಲ್ಲಿ 18 ಕ್ರೆಡಿಟ್ ತೆಗೆದುಕೊಂಡಿದ್ದೇನೆ. ಆರ್ಗ್ಯಾನಿಕ್ ಕೆಮಿಸ್ಟ್ರಿ 3, ಅದರ ಲ್ಯಾಬ್ 1, ಫಿಸಿಕ್ಸ್ ಲ್ಯಾಬ್ ಸೇರಿ 4, ಜೆನೆಟಿಕ್ಸ್ ಲ್ಯಾಬ್ ಸೇರಿ 4, ಸ್ಟಾಟಿಸ್ಟಿಕ್ಸ್ 3, ಸೈಕಾಲಜಿ 3. ರಿಜಿಸ್ಟರ್ ಮಾಡುವಾಗ ‘ಎಲ್ಲ ಹೇಗೂ ಬೇಕಲ್ವಾ, ಬೇಗ ಮುಗಿಸಿದರೆ ಮೂರನೇ ವರ್ಷ ಎಂಕ್ಯಾಟ್‌ಗೆ (ಮೆಡಿಕಲ್ ಸ್ಕೂಲ್ ಪ್ರವೇಶ ಪರೀಕ್ಷೆಗೆ) ಕೂರಬಹುದು’ ಅಂದುಕೊಂಡಿದ್ದೆ. ಇದರ ಮೇಲೆ ಶನಿವಾರ ಬೆಳಿಗ್ಗೆ 4 ಗಂಟೆ ಕಾಲ ಆಸ್ಪತ್ರೆಯಲ್ಲಿ ವಾಲಂಟಿಯರ್ ಕೆಲಸ. ವೀಲ್‌ಚೇರ್ ತಳ್ಳುವುದು, ಹೊದಿಕೆ ತಂದುಕೊಡುವುದು, ಅಷ್ಟೇ. ನಿಜ ಹೇಳಬೇಕೆಂದರೆ ಇಡೀ ವಾರದಲ್ಲಿ ಮನಸ್ಸಿಗೆ ಹಿತ ಅನ್ನಿಸುವುದು ಆ 4 ಗಂಟೆ ಮಾತ್ರ.

ಆರ್ಗ್ಯಾನಿಕ್ ಮೊದಲ ಪರೀಕ್ಷೆಯಲ್ಲಿ 100ಕ್ಕೆ 54 ಬಂದಿದೆ. ಕ್ಲಾಸಿನ ಸರಾಸರಿ 61. ಜೆನೆಟಿಕ್ಸ್ 88, ಫಿಸಿಕ್ಸ್ 71. ಓದುವುದಿಲ್ಲ ಅಂತ ಮಾತ್ರ ಯಾರೂ ಹೇಳುವ ಹಾಗಿಲ್ಲ. ದಿನಾ ರಾತ್ರಿ 2 ಗಂಟೆವರೆಗೆ ಲೈಬ್ರರಿಯಲ್ಲೇ ಇರುತ್ತೇನೆ. ಪ್ರತಿ ಅಧ್ಯಾಯ ಎರಡು ಸಲ ಓದುತ್ತೇನೆ. ನಾಲ್ಕು ಬಣ್ಣದ ಹೈಲೈಟರ್ ಇಟ್ಟುಕೊಂಡಿದ್ದೇನೆ: ವ್ಯಾಖ್ಯಾನಕ್ಕೆ ಹಳದಿ, ರಿಯಾಕ್ಷನ್‌ಗೆ ಗುಲಾಬಿ, ‘ಇದು ಬರಬಹುದು’ ಅನ್ನುವುದಕ್ಕೆ ಹಸಿರು. ನೀಲಿ ಯಾಕೆ ಅಂತ ನನಗೂ ಮರೆತುಹೋಗಿದೆ. ವೀಡಿಯೋ ನೋಡುವಾಗ ಎಲ್ಲ ಅರ್ಥವಾಗುತ್ತೆ. ಪರೀಕ್ಷೆಯಲ್ಲಿ ಖಾಲಿ ಜಾಗ ನೋಡಿದ ತಕ್ಷಣ ಕೈ ನಿಂತುಹೋಗುತ್ತೆ.

ಲ್ಯಾಬ್ ಬಗ್ಗೆ ಹೇಳದಿದ್ದರೆ ನನಗೆ ನಿದ್ದೆ ಬರಲ್ಲ. ಮಂಗಳವಾರ ಮಧ್ಯಾಹ್ನ 1:30ರಿಂದ 5:20. ಇಷ್ಟಕ್ಕೆ ಸಿಗುವುದು ಒಂದು ಕ್ರೆಡಿಟ್! ಹೋದ ವಾರ ರೀಕ್ರಿಸ್ಟಲೈಸೇಷನ್ (ಪುಡಿ ಕರಗಿಸಿ ಮತ್ತೆ ಶುದ್ಧ ಹರಳು ಮಾಡುವುದು) ಇತ್ತು. ಪುಡಿ ಬೇಗ ಕರಗಲಿ ಅಂತ ಬಿಸಿ ಸಾಲ್ವೆಂಟ್ (ಕರಗಿಸುವ ದ್ರವ) ಧಾರಾಳವಾಗಿ ಸುರಿದೆ. ಐಸ್‌ನಲ್ಲಿಟ್ಟೆ, ಕಾದೆ. ಏನೂ ಇಲ್ಲ. ಸುತ್ತಲಿನವರ ಫ್ಲಾಸ್ಕ್‌ನಲ್ಲಿ ಬಿಳಿ ಸೂಜಿಗಳು ಹೂವಿನ ಹಾಗೆ ಅರಳುತ್ತಿವೆ, ನನ್ನದರಲ್ಲಿ ಬರೀ ನೀರಿನಂಥ ದ್ರವ. ಗಾಜಿನ ಕಡ್ಡಿಯಿಂದ ಫ್ಲಾಸ್ಕ್ ಒಳಗೆ 20 ನಿಮಿಷ ಕೆರೆಯುತ್ತ ಕೂತೆ. ಕೊನೆಗೆ ಟಿಎ (ಲ್ಯಾಬ್ ನೋಡಿಕೊಳ್ಳುವ ಟೀಚಿಂಗ್ ಅಸಿಸ್ಟೆಂಟ್) ಬಂದು ‘ಕುದಿಸಿ ಸಾಲ್ವೆಂಟ್ ಕಮ್ಮಿ ಮಾಡು’ ಅಂದರು. ಯೀಲ್ಡ್ (ಕೊನೆಗೆ ಕೈಗೆ ಸಿಕ್ಕ ಹರಳು) ಬಂದಿದ್ದು 11 ಪರ್ಸೆಂಟ್. ಅದರ ರಿಪೋರ್ಟ್ ಬರೆಯಲು ಭಾನುವಾರ ಪೂರ್ತಿ ಹೋಯಿತು.

ಅಡ್ವೈಸರ್ ಹತ್ತಿರ ಹೋದೆ. 15 ನಿಮಿಷದ ಅಪಾಯಿಂಟ್‌ಮೆಂಟ್, ಅದರಲ್ಲಿ 10 ನಿಮಿಷ ಅವರ ಕಂಪ್ಯೂಟರ್ ಲಾಗಿನ್ ಆಗಲಿಲ್ಲ. ಆಮೇಲೆ ಕೇಳಿದ ಮೊದಲ ಪ್ರಶ್ನೆ: ‘ಬೇರೆ ಮೇಜರ್ (ಮುಖ್ಯ ವಿಷಯ) ಬಗ್ಗೆ ಯೋಚಿಸಿದ್ದೀಯಾ?’ ನಾನು ಸುಮ್ನೆ ಎದ್ದು ಬಂದೆ.

ಡಬ್ಲ್ಯೂ (ವಿತ್‌ಡ್ರಾ, ಗ್ರೇಡ್ ಇಲ್ಲದೆ ಕೋರ್ಸ್ ಬಿಡುವುದು) ತೆಗೆದುಕೊಳ್ಳಲು ಇನ್ನು 12 ದಿನ ಇದೆ. ಆರ್ಗ್ಯಾನಿಕ್ ಬಿಡಲಾ? ಸ್ಟಾಟಿಸ್ಟಿಕ್ಸ್ ಬಿಡಲಾ? ಟ್ರಾನ್ಸ್‌ಕ್ರಿಪ್ಟ್‌ನಲ್ಲಿ ಡಬ್ಲ್ಯೂ ಕಂಡರೆ ಮೆಡಿಕಲ್ ಸ್ಕೂಲ್‌ನವರು ಏನಂದುಕೊಳ್ಳುತ್ತಾರೆ? ಮನೆಯಲ್ಲಿ ಇನ್ನೂ ಹೇಳಿಲ್ಲ. ಹೋದ ವರ್ಷದ ಜಿಪಿಎ (ಗ್ರೇಡ್‌ಗಳ ಸರಾಸರಿ) 4ಕ್ಕೆ 3.6, ಸೈನ್ಸ್ ಮಾತ್ರ ಲೆಕ್ಕ ಹಾಕಿದರೆ 3.5.

ಲೆಕ್ಕದವ:

ಭಾವನೆ ಪಕ್ಕಕ್ಕಿಡಿ, ಲೆಕ್ಕ ನೋಡಿ. ಹೋದ ವರ್ಷ ನೀವು 32 ಕ್ರೆಡಿಟ್ ಮಾಡಿದ್ದೀರಿ ಅಂದುಕೊಳ್ಳೋಣ, ಅದರಲ್ಲಿ ಸೈನ್ಸ್ 16. ಈಗ 4 ಕ್ರೆಡಿಟ್‌ಗೆ ಒಂದು ಸಿ (2 ಪಾಯಿಂಟ್) ಬಂದರೆ, ಅದೊಂದರಿಂದಲೇ 3.6 ಇದ್ದದ್ದು 3.42 ಆಗುತ್ತೆ. ಸೈನ್ಸ್ ಜಿಪಿಎ 3.5ರಿಂದ 3.2ಕ್ಕೆ ಇಳಿಯುತ್ತೆ. ಡಬ್ಲ್ಯೂ ಬಂದರೆ ಎರಡೂ ಇದ್ದಲ್ಲೇ ಇರುತ್ತವೆ.

‘ಸಿ ಬಂದರೆ ಬರಲಿ, ಮತ್ತೆ ತೆಗೆದುಕೊಂಡು ಎ ಮಾಡುತ್ತೇನೆ’ ಅನ್ನುವವರು ಒಂದು ವಿಷಯ ಮರೆಯುತ್ತಾರೆ. ಕಾಲೇಜು ಹಳೇ ಗ್ರೇಡ್ ಅಳಿಸಿದರೂ ಆಮ್ಕಾಸ್ (ಮೆಡಿಕಲ್ ಸ್ಕೂಲ್ ಅರ್ಜಿಗಳು ಹೋಗುವ ಸೇವೆ) ಅಳಿಸಲ್ಲ. ಎರಡೂ ಸಲದ ಗ್ರೇಡ್ ಲೆಕ್ಕಕ್ಕೆ ಬರುತ್ತೆ.

ಒಂದು ಡಬ್ಲ್ಯೂಗೆ ಯಾರೂ ಸಾಯಲ್ಲ. ಪ್ರತಿ ಸೆಮಿಸ್ಟರ್‌ಗೆ ಒಂದೊಂದು ಕಂಡರೆ ಪ್ರಶ್ನೆ ಏಳುತ್ತೆ. 12 ಕ್ರೆಡಿಟ್‌ಗಿಂತ ಕೆಳಗೆ ಹೋಗಬೇಡಿ, ಫುಲ್ ಟೈಮ್ ಅನ್ನುವುದು ಅಲ್ಲಿಗೆ ನಿಲ್ಲುತ್ತೆ. ಸ್ಕಾಲರ್‌ಶಿಪ್ ಇದ್ದರೆ ಅದರ ಷರತ್ತು ಓದಿ. ಎಫ್-1 (ವಿದ್ಯಾರ್ಥಿ) ವೀಸಾದವರಾಗಿದ್ದರೆ 12ರ ಕೆಳಗೆ ಇಳಿಯುವ ಮುಂಚೆ ಇಂಟರ್‌ನ್ಯಾಷನಲ್ ಆಫೀಸಿನ ಅನುಮತಿ ಬೇಕೇ ಬೇಕು.

ನನ್ನ ಓಟು: ಸ್ಟಾಟಿಸ್ಟಿಕ್ಸ್ ಬಿಡಿ. ಬೇಸಿಗೆಯಲ್ಲಿ ಆರಾಮಾಗಿ ಮಾಡಬಹುದು.

ಬೆಂಜೀನ್ ಬಳೆ:

ಮೂರನೇ ವರ್ಷದ ಮೆಡಿಕಲ್ ವಿದ್ಯಾರ್ಥಿನಿ ನಾನು. ಈಗ ಸರ್ಜರಿ ರೊಟೇಷನ್ (ಆಸ್ಪತ್ರೆಯಲ್ಲಿ ತರಬೇತಿಯ ಸರದಿ). ಬೆಳಿಗ್ಗೆ 4:30ಕ್ಕೆ ಏಳಬೇಕು, ಆದರೂ ನಿನ್ನ ಪೋಸ್ಟ್ ಓದಿ ಮಲಗೋಕೆ ಆಗಲಿಲ್ಲ ತಂಗಿ. ಆರ್ಗ್ಯಾನಿಕ್ 1ರಲ್ಲಿ ನನ್ನ ಗ್ರೇಡ್ ಸಿ ಪ್ಲಸ್. ಮೊದಲ ಸಲ ಅರ್ಜಿ ಹಾಕಿದ ವರ್ಷ ಎಲ್ಲೂ ಸೀಟು ಸಿಗಲಿಲ್ಲ. ಎರಡನೇ ಸಲ ಸಿಕ್ಕಿತು.

ಮೇಲೆ ಬರೆದವರ ಲೆಕ್ಕ ಸರಿ, ಆದರೆ ಸ್ಟಾಟಿಸ್ಟಿಕ್ಸ್ ಬಿಡುವುದು ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ. ನಿನ್ನ ವಾರವನ್ನು ತಿನ್ನುತ್ತಿರುವುದು ಸ್ಟಾಟಿಸ್ಟಿಕ್ಸ್ ಅಲ್ಲ, ಮೂರು ಲ್ಯಾಬ್‌ಗಳು. ಟ್ರಾನ್ಸ್‌ಕ್ರಿಪ್ಟ್‌ನಲ್ಲಿ 18 ಅಂತ ಕಾಣುತ್ತೆ. ಮೂರು ಲ್ಯಾಬ್, ಮೂರು ರಿಪೋರ್ಟ್, ಲ್ಯಾಬ್‌ಗೆ ಮುಂಚಿನ ಕ್ವಿಜ್ ಎಲ್ಲ ಗಂಟೆಯ ಲೆಕ್ಕದಲ್ಲಿ ನೋಡಿದರೆ ಅದು 24ರ ಹತ್ತಿರದ ಹೊರೆ.

ಹಾಗಾದರೆ ಯಾವುದನ್ನು ಬಿಡಬೇಕು? ಮುಂದಿನ ಸರಪಳಿ ನೋಡು. ಆರ್ಗ್ಯಾನಿಕ್ 1 ಮುಗಿಯದೆ 2 ಇಲ್ಲ. ಆರ್ಗ್ಯಾನಿಕ್ ಇಲ್ಲದೆ ಸಾಮಾನ್ಯವಾಗಿ ಬಯೋಕೆಮಿಸ್ಟ್ರಿಗೆ ಸೇರಿಸಿಕೊಳ್ಳಲ್ಲ. ಬಯೋಕೆಮಿಸ್ಟ್ರಿ ಇಲ್ಲದೆ ಎಂಕ್ಯಾಟ್‌ಗೆ ಕೂರುವುದು ಹುಚ್ಚುತನ. ಈಗ ಆರ್ಗ್ಯಾನಿಕ್ ಬಿಟ್ಟರೆ ಇಡೀ ಸಾಲು ಹಿಂದೆ ಸರಿಯುತ್ತೆ, ಕೆಲವು ಕಾಲೇಜುಗಳಲ್ಲಿ ಪೂರ್ತಿ ಒಂದು ವರ್ಷ. ಫಿಸಿಕ್ಸ್ ಹಾಗಲ್ಲ. ಅದರ ಹಿಂದೆ ನಿಂತಿರುವುದು ಫಿಸಿಕ್ಸ್ 2 ಒಂದೇ. ಮೂರನೇ ವರ್ಷ ಮಾಡಿದರೆ ಎಂಕ್ಯಾಟ್ ಹೊತ್ತಿಗೆ ನೆನಪೂ ಹಸಿಯಾಗಿರುತ್ತೆ. ನಾನಾಗಿದ್ದರೆ ಫಿಸಿಕ್ಸ್‌ಗೆ ಡಬ್ಲ್ಯೂ ತೆಗೆದುಕೊಳ್ಳುತ್ತಿದ್ದೆ.

ಆದರೆ ಇವತ್ತೇ ಬೇಡ. 12 ದಿನ ಇದೆಯಲ್ಲ, ಅದರಲ್ಲಿ 7 ದಿನ ಒಂದು ಕೆಲಸ ಮಾಡು.

ಸಿ ಪ್ಲಸ್ ಬಂದ ಮೇಲೆ ನಾನು ಒಂದು ಚಿಕ್ಕ ನೋಟ್‌ಬುಕ್ ಕೊಂಡೆ. ಓದಲು ಕೂತ ಹೊತ್ತು, ಎದ್ದ ಹೊತ್ತು ಬರೆದೆ. ಪಕ್ಕದಲ್ಲಿ ಇನ್ನೊಂದು ಕಾಲಂ: ಅದರಲ್ಲಿ ಎಷ್ಟು ಹೊತ್ತು ಪುಸ್ತಕ ಮುಚ್ಚಿ, ಪೆನ್ ಹಿಡಿದು ನಾನೇ ಏನಾದರೂ ಬರೆಯುತ್ತಿದ್ದೆ ಅಂತ. ವಾರದ ಕೊನೆಗೆ ಮೊದಲ ಕಾಲಂ 41 ಗಂಟೆ. ಎರಡನೆಯದು 6. ನೋಡಿ ಹೊಟ್ಟೆ ತೊಳೆಸಿದ ಹಾಗಾಯಿತು. ಉಳಿದ 35 ಗಂಟೆ ಬೇರೆಯವರು ಬಿಡಿಸಿದ ಲೆಕ್ಕವನ್ನು ನೋಡಿ ತಲೆ ಆಡಿಸುತ್ತಿದ್ದೆ. ಈಜು ಕಲಿಯೋಕೆ ದಡದಲ್ಲಿ ಕೂತ ಹಾಗೆ.

ಇದು ನನ್ನೊಬ್ಬಳ ಕಥೆಯೂ ಅಲ್ಲ. 2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕೆ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು ಕಾಲೇಜು ವಿದ್ಯಾರ್ಥಿಗಳ ಮೇಲೆ ಒಂದು ಪ್ರಯೋಗ ಮಾಡಿದರು. ಒಂದು ಪಾಠವನ್ನು ಕೆಲವರು ಎರಡು ಸಲ ಓದಿದರು. ಇನ್ನು ಕೆಲವರು ಒಂದು ಸಲ ಓದಿ, ಆಮೇಲೆ ನೋಡದೆ ನೆನಪಿದ್ದಷ್ಟು ಬರೆದರು. 5 ನಿಮಿಷ ಬಿಟ್ಟು ಕೇಳಿದಾಗ ಓದಿದವರೇ ಮುಂದೆ, ನೂರಕ್ಕೆ 81, ಬರೆದವರು 75. ಒಂದು ವಾರ ಬಿಟ್ಟು ಕೇಳಿದಾಗ ಓದಿದವರು 42, ಬರೆದವರು 56. ‘ವೀಡಿಯೋ ನೋಡುವಾಗ ಎಲ್ಲ ಅರ್ಥವಾಗುತ್ತೆ’ ಅಂದೆಯಲ್ಲ, ಅದು ಆ 5 ನಿಮಿಷದ ಮಾರ್ಕ್ಸ್.

ನಾನು ಆಮೇಲೆ ಮಾಡಿದ್ದು ಇಷ್ಟೇ. ಕ್ಲಾಸ್ ಮುಗಿದು ಹೊರಗೆ ಬಂದ ತಕ್ಷಣ, ಕಾರಿಡಾರ್‌ನಲ್ಲೇ ನೆಲದ ಮೇಲೆ ಕೂತು, ನೋಟ್ಸ್ ತೆಗೆಯದೆ ಒಂದು ಬಿಳಿ ಹಾಳೆಯಲ್ಲಿ ಅವತ್ತಿನ ಮೆಕ್ಯಾನಿಸಂ (ರಿಯಾಕ್ಷನ್ ಹೆಜ್ಜೆಹೆಜ್ಜೆಯಾಗಿ ನಡೆಯುವ ರೀತಿ) ಬಿಡಿಸುತ್ತಿದ್ದೆ. 10 ನಿಮಿಷ. ಎಲ್ಲಿ ನಿಂತುಹೋಯಿತೋ ಅಲ್ಲಿ ಕೆಂಪು ಪೆನ್‌ನಲ್ಲಿ ಸುತ್ತು. ಸಂಜೆ ಪುಸ್ತಕ ತೆಗೆದಾಗ ಆ ಕೆಂಪು ಸುತ್ತುಗಳು ಮಾತ್ರ ನನ್ನ ಪಾಠ. ಅಧ್ಯಾಯದ ಕೊನೆಯ ಪ್ರಶ್ನೆಗಳಿಗೆ ಉತ್ತರದ ಪುಸ್ತಕ ಬೇರೆ ರೂಮಿನಲ್ಲಿ. ಹತ್ತಿರವಿದ್ದರೆ ಕೈ ತಾನಾಗೇ ಹೋಗುತ್ತೆ, ನನ್ನ ಕೈ ಎಷ್ಟು ಕಳ್ಳ ಅಂತ ನನಗೆ ಗೊತ್ತು.

ಅಂಕಿ ಎಂಬ ಫ್ಲ್ಯಾಶ್‌ಕಾರ್ಡ್ ಆ್ಯಪ್ ಬಗ್ಗೆ ಯಾರಾದರೂ ಹೇಳಿಯೇ ಹೇಳುತ್ತಾರೆ. ನಮ್ಮ ಅಂಕಿ-ಸಂಖ್ಯೆ ಅಲ್ಲ ಅದು, ಜಪಾನಿ ಭಾಷೆಯಲ್ಲಿ ಬಾಯಿಪಾಠ ಅಂತ ಅರ್ಥವಂತೆ. ಜೆನೆಟಿಕ್ಸ್ ಪದಗಳಿಗೆ, ಮುಂದೆ 20 ಅಮೈನೋ ಆಸಿಡ್‌ಗೆ ಬಹಳ ಒಳ್ಳೆಯದು. ಮೆಕ್ಯಾನಿಸಂಗೆ ಬೇಡ. ಕಾರ್ಡ್ ತಿರುಗಿಸಿ ‘ಹೌದು, ಗೊತ್ತಿತ್ತು’ ಅಂದುಕೊಂಡರೆ ಮತ್ತೆ ಹೈಲೈಟರ್ ಕಥೆಯೇ.

ರಾತ್ರಿ 2 ಗಂಟೆವರೆಗೆ ಕೂರುವುದು ನಿಲ್ಲಿಸು. ನಾನು ಅದನ್ನು ಶೌರ್ಯ ಅಂದುಕೊಂಡಿದ್ದೆ. ಶನಿವಾರದ ವೀಲ್‌ಚೇರ್ ಬಿಡಬೇಡ. ನನ್ನನ್ನು ಇಂಟರ್‌ವ್ಯೂ ಮಾಡಿದವರಲ್ಲಿ ಇಬ್ಬರು ಸಿ ಪ್ಲಸ್ ಬಗ್ಗೆ ಕೇಳಿದರು, ಎರಡು ನಿಮಿಷದಲ್ಲಿ ಮುಗಿಯಿತು. ಉಳಿದ ಹೊತ್ತೆಲ್ಲ ಅವರು ಮಾತಾಡಿಸಿದ್ದು ನಾನು ರೋಗಿಗಳ ಜೊತೆ ಕಳೆದ ದಿನಗಳ ಬಗ್ಗೆ.

ಹಳೇ ಟಿಎ:

ಆರ್ಗ್ಯಾನಿಕ್ ಪಿಎಚ್‌ಡಿ ಮಾಡುವಾಗ 4 ವರ್ಷ ಟಿಎ ಆಗಿದ್ದೆ. ಪ್ರೀಮೆಡ್ ಮಕ್ಕಳ ನೂರಾರು ಉತ್ತರಪತ್ರಿಕೆ ತಿದ್ದಿದ್ದೇನೆ. 54ಕ್ಕೂ 61ಕ್ಕೂ ನಡುವೆ ಇರುವುದು 7 ಮಾರ್ಕ್ಸ್. ಗಾಬರಿಯಾಗುವ ಮುಂಚೆ ಪ್ರೊಫೆಸರ್ ಹತ್ತಿರ ಸ್ಟ್ಯಾಂಡರ್ಡ್ ಡೀವಿಯೇಷನ್ (ಮಾರ್ಕ್ಸ್ ಸರಾಸರಿಯ ಸುತ್ತ ಎಷ್ಟು ಚದುರಿದೆ ಅನ್ನುವ ಅಳತೆ) ಎಷ್ಟು ಅಂತ ಕೇಳಿ. 15 ಇದ್ದರೆ ನೀವು ಗುಂಪಿನ ಮಧ್ಯದಲ್ಲೇ ಇದ್ದೀರಿ. 5 ಇದ್ದರೆ ಚಿಂತೆ ಮಾಡಿ. ಸ್ಟಾಟಿಸ್ಟಿಕ್ಸ್ ಬಿಡಬೇಡಿ ಅನ್ನುವುದಕ್ಕೆ ಇದೂ ಒಂದು ಕಾರಣ ಆಯಿತಲ್ಲ!

ಆಮೇಲೆ ಆ ಪತ್ರಿಕೆ ಹಿಡಿದು ಆಫೀಸ್ ಅವರ್ಸ್‌ಗೆ (ವಿದ್ಯಾರ್ಥಿಗಳ ಪ್ರಶ್ನೆಗೆಂದು ಇಟ್ಟ ಸಮಯಕ್ಕೆ) ಹೋಗಿ. ಹೋದ ತಕ್ಷಣ ‘ನಾನು ಹೇಗೆ ಓದಬೇಕು’ ಅಂತ ಕೇಳಬೇಡಿ, ಅದಕ್ಕೆ ನಮ್ಮ ಹತ್ತಿರವೂ ಉತ್ತರ ಇರಲ್ಲ. ‘ಮೂರನೇ ಪ್ರಶ್ನೆಯಲ್ಲಿ ಈ ಬಾಣ ಯಾಕೆ ತಪ್ಪು’ ಅಂತ ಕೇಳಿ. ನಾವು ಕುರ್ಚಿ ಎಳೆದುಕೊಂಡು ಹತ್ತಿರ ಬರುತ್ತೇವೆ.

ಮೆಕ್ಯಾನಿಸಂನಲ್ಲಿ ಎಲೆಕ್ಟ್ರಾನ್ ಚಲನೆ ತೋರಿಸುವ ಈ ಬಾಣದ ವಿಷಯಕ್ಕೇ ಬರುತ್ತೇನೆ, ಯಾಕೆಂದರೆ ನಾನು ಕತ್ತರಿಸಿದ ಮಾರ್ಕ್ಸ್‌ನಲ್ಲಿ ಹೆಚ್ಚಿನವು ಅಲ್ಲೇ ಹೋಗಿದ್ದು. ಬಾಣದ ಬಾಲ ಎಲೆಕ್ಟ್ರಾನ್ ಇರುವ ಕಡೆ, ತಲೆ ಅದು ಹೋಗುವ ಕಡೆ. ಅಷ್ಟೇ ನಿಯಮ. ಹೈಡ್ರಾಕ್ಸೈಡ್ ಮತ್ತು ಬ್ರೋಮೋಮೀಥೇನ್ ತೆಗೆದುಕೊಳ್ಳಿ. ಮೊದಲ ಬಾಣ ಆಕ್ಸಿಜನ್ ಮೇಲಿನ ಜೋಡಿ ಚುಕ್ಕೆಯಿಂದ ಹೊರಟು ಕಾರ್ಬನ್‌ಗೆ ಬರುತ್ತೆ. ಎರಡನೆಯದು ಕಾರ್ಬನ್-ಬ್ರೋಮಿನ್ ಬಾಂಡ್‌ನಿಂದ ಹೊರಟು ಬ್ರೋಮಿನ್ ಮೇಲೆ ಕೂರುತ್ತೆ. ಬಹಳ ಜನ ಇದನ್ನು ಉಲ್ಟಾ ಬರೆಯುತ್ತಾರೆ, ಕಾರ್ಬನ್‌ನಿಂದ ಆಕ್ಸಿಜನ್ ಕಡೆಗೆ. ಕಾರ್ಬನ್ ಹತ್ತಿರ ಕೊಡೋಕೆ ಎಲೆಕ್ಟ್ರಾನ್ ಎಲ್ಲಿದೆ ಸ್ವಾಮಿ? ಜೇಬು ಖಾಲಿ ಇದ್ದವನಿಂದ ದಾನ ಬರೆಸಿಕೊಂಡ ಹಾಗಾಯಿತು.

ಇನ್ನೊಂದು ಕಡೆ ಮಾರ್ಕ್ಸ್ ಹೋಗುವುದು ಮೂರು ಕೊಂಬೆ ಇರುವ ಕಾರ್ಬನ್‌ನಲ್ಲಿ. ಅಂಥ ಕಾರ್ಬನ್‌ನ (ಟರ್ಷರಿ) ಬ್ರೋಮೈಡ್‌ಗೆ ಎಥಾಕ್ಸೈಡ್ ಎಂಬ ಬೇಸ್ ಕೊಟ್ಟರೆ ಎಸ್‌ಎನ್2 (ಮೇಲಿನ ಉದಾಹರಣೆಯ ಹಾಗೆ ಒಂದು ಹಿಂದಿನಿಂದ ಬಂದು ಬ್ರೋಮಿನ್ ಜಾಗ ಹಿಡಿಯುವುದು) ಅಂತ ಬರೆದುಬಿಡುತ್ತಾರೆ. ಹಿಂದಿನಿಂದ ಬರೋಕೆ ಅಲ್ಲಿ ಜಾಗವೇ ಇಲ್ಲ, ಪಕ್ಕದ ಹೈಡ್ರೋಜನ್ ಕಿತ್ತುಕೊಂಡು ಇ2 (ಹೈಡ್ರೋಜನ್, ಬ್ರೋಮಿನ್ ಎರಡೂ ಕಳಚಿಹೋಗುವುದು) ಆಗುತ್ತೆ. ಇದನ್ನು ಗುಲಾಬಿ ಹೈಲೈಟರ್‌ನಲ್ಲಿ ಹುಡುಕಬೇಡಿ, ಅಣುವಿನ ಮಾಡೆಲ್ ಕಿಟ್‌ನಲ್ಲಿ ಕಟ್ಟಿ ಬೆರಳು ತೂರಿಸಿ ನೋಡಿ. ಒಂದೇ ಸಲಕ್ಕೆ ಅರ್ಥವಾಗುತ್ತೆ. ರಿಯಾಕ್ಷನ್‌ಗಳನ್ನು ನೂರು ಹೆಸರಾಗಿ ಬಾಯಿಪಾಠ ಮಾಡಬೇಡಿ. ಎಲೆಕ್ಟ್ರಾನ್ ಯಾರ ಹತ್ತಿರ ಜಾಸ್ತಿ ಇದೆ, ಯಾರಿಗೆ ಕಮ್ಮಿ ಇದೆ ಅಂತ ಪ್ರತಿ ಸಲ ಕೇಳಿಕೊಳ್ಳಿ.

ನಿಮ್ಮ 11 ಪರ್ಸೆಂಟ್ ಯೀಲ್ಡ್ ಓದಿ ನಗು ಬಂತು, ಕ್ಷಮಿಸಿ. ಸಾಲ್ವೆಂಟ್ ಕುದಿಯುವಷ್ಟು ಬಿಸಿ ಇರಬೇಕು, ಪುಡಿ ಕರಗಲು ಬೇಕಾದ ಕನಿಷ್ಠದಷ್ಟೇ ಹಾಕಬೇಕು, ತೊಟ್ಟು ತೊಟ್ಟಾಗಿ. ಜಾಸ್ತಿ ಹಾಕಿದರೆ ತಣ್ಣಗಾದ ಮೇಲೂ ಕರಗಿಯೇ ಇರುತ್ತೆ. ಮೊದಲು ಮೇಜಿನ ಮೇಲೆ ತಾನಾಗಿ ತಣಿಯಲಿ, ಐಸ್ ಆಮೇಲೆ. ಗಾಜಿನ ಕಡ್ಡಿಯಲ್ಲಿ ಕೆರೆಯುವುದು ಸರಿಯಾದ ಉಪಾಯವೇ, ಹರಳು ಹಿಡಿದುಕೊಳ್ಳಲು ಒಂದು ಗೀರು ಸಿಗುತ್ತೆ. ಆದರೆ ನಿಮ್ಮ ಫ್ಲಾಸ್ಕ್‌ನಲ್ಲಿದ್ದದ್ದು ಪಾನಕ. ರಿಪೋರ್ಟ್‌ನಲ್ಲಿ 11 ಅಂತಲೇ ಬರೆದು, ಯಾಕೆ ಅಂತ ಎರಡು ಸಾಲು ಬರೆದಿದ್ದರೆ ನಾನಂತೂ ಪೂರ್ತಿ ಮಾರ್ಕ್ಸ್ ಕೊಡುತ್ತಿದ್ದೆ. ಇನ್ನು ಮುಂದೆ ರಿಪೋರ್ಟ್ ಮಂಗಳವಾರ ರಾತ್ರಿಯೇ ಬರೆಯಿರಿ, ಕೈಗೆ ಇನ್ನೂ ಸಾಲ್ವೆಂಟ್ ವಾಸನೆ ಇರುವಾಗ. ಭಾನುವಾರದ ಹೊತ್ತಿಗೆ ಅರ್ಧ ಮರೆತು, ನೋಟ್‌ಬುಕ್ ನೋಡಿ ಕಥೆ ಕಟ್ಟಬೇಕಾಗುತ್ತೆ.

ಒಬ್ಬ ಹುಡುಗನ ಅಮ್ಮ:

ಪುಟ್ಟಿ, ನನಗೆ ಕೆಮಿಸ್ಟ್ರಿ ಗೊತ್ತಿಲ್ಲ. ನನ್ನ ಮಗನೂ ಇದೇ ದಾರಿಯಲ್ಲಿದ್ದಾನೆ. ಅವನು ಎರಡು ಡಬ್ಲ್ಯೂ ತೆಗೆದುಕೊಂಡಿದ್ದು ನಮಗೆ ಗೊತ್ತಾಗಿದ್ದು ಒಂದೂವರೆ ವರ್ಷ ಆದ ಮೇಲೆ, ಅದೂ ಟ್ಯಾಕ್ಸ್ ಕಾಗದ ಹುಡುಕುವಾಗ. ಡಬ್ಲ್ಯೂ ನನಗೆ ನೋವಾಗಲಿಲ್ಲ. ಅಷ್ಟು ದಿನ ಪ್ರತಿ ಭಾನುವಾರ ಫೋನಿನಲ್ಲಿ ‘ಎಲ್ಲ ಚೆನ್ನಾಗಿದೆ ಅಮ್ಮ’ ಅಂತಿದ್ದನಲ್ಲ, ಅದು ನೋವಾಯಿತು. ಮನೆಯಲ್ಲಿ ಹೇಳಿಬಿಡು. ಒಂದು ಸಲ ಕೂಗಾಡುತ್ತಾರೆ, ಅಷ್ಟೇ ತಾನೇ.

ಲೆಕ್ಕದವ:

ಬೆಂಜೀನ್ ಬಳೆ ಅವರು ಹೇಳಿದ ಲ್ಯಾಬ್ ವಿಷಯ ನನಗೆ ಹೊಳೆದಿರಲಿಲ್ಲ. ನನ್ನ ಓಟು ವಾಪಸ್. ಒಂದು ಮಾತು ಸೇರಿಸುತ್ತೇನೆ: ಫಿಸಿಕ್ಸ್ ಬಿಟ್ಟರೆ ಸಿಗುವ ಗಂಟೆಗಳನ್ನು ಮೊದಲೇ ಕ್ಯಾಲೆಂಡರ್‌ನಲ್ಲಿ ಬರೆದಿಡಿ. ಇಲ್ಲದಿದ್ದರೆ ಫೋನ್ ಬರೆದುಕೊಳ್ಳುತ್ತೆ.

ನಾಲ್ಕು ಬಣ್ಣದ ಹೈಲೈಟರ್:

9 ದಿನ ಆಯಿತು, ಎಲ್ಲರಿಗೂ ಒಂದೇ ಉತ್ತರ ಬರೆಯುತ್ತಿದ್ದೇನೆ.

ಅಕ್ಕ, ನೋಟ್‌ಬುಕ್ ಕೊಂಡೆ. ಮೊದಲ ಕಾಲಂ 38 ಗಂಟೆ. ಎರಡನೆಯದು ನಾಲ್ಕೂವರೆ. ನಿಮ್ಮದಕ್ಕಿಂತಲೂ ಕಮ್ಮಿ! ಆ 38ರಲ್ಲಿ ಫಿಸಿಕ್ಸ್ ಲ್ಯಾಬ್ ರಿಪೋರ್ಟ್ ಒಂದೇ 6 ಗಂಟೆ ತಿಂದಿದೆ. ಗ್ರಾಫಿನ ಗೆರೆ ನೇರ ಬರಲಿಲ್ಲ ಅಂತ ಮೂರು ಸಲ ಹಾಕಿದ್ದೆ.

ಟಿಎ ಸರ್, ಸ್ಟ್ಯಾಂಡರ್ಡ್ ಡೀವಿಯೇಷನ್ 14. ಕೇಳಿದಾಗ ಪ್ರೊಫೆಸರ್ ಮುಖ ಮೊದಲ ಸಲ ಅರಳಿತು. ಪತ್ರಿಕೆ ನೋಡಿದರೆ ನೀವು ಹೇಳಿದ ಹಾಗೇ, ಬಾಣಗಳಲ್ಲೇ 13 ಮಾರ್ಕ್ಸ್ ಹೋಗಿದೆ. ಒಂದು ಕಡೆ ಹೈಡ್ರೋಜನ್‌ನಿಂದ ಬಾಣ ಹೊರಡಿಸಿದ್ದೆ. ಅದರ ಪಕ್ಕ ಕೆಂಪು ಶಾಯಿಯಲ್ಲಿ ಬರೀ ಒಂದು ಪ್ರಶ್ನೆ ಚಿಹ್ನೆ ಇತ್ತು. ಆವತ್ತು ಅದನ್ನು ನೋಡಿ ಅವಮಾನ ಆಗಿತ್ತು, ಈಗ ಅದು ನಿಜವಾಗಲೂ ಪ್ರಶ್ನೆಯೇ ಅಂತ ಗೊತ್ತಾಯಿತು.

ನಿನ್ನೆ ಫಿಸಿಕ್ಸ್‌ಗೆ ಡಬ್ಲ್ಯೂ ಹಾಕಿದೆ. ಈಗ 14 ಕ್ರೆಡಿಟ್. ಸ್ಕಾಲರ್‌ಶಿಪ್ ಷರತ್ತು ಓದಿದೆ, 12 ಸಾಕು. ಫಾರ್ಮ್‌ಗೆ ಸಹಿ ಹಾಕಿದವರು ಅದೇ ಅಡ್ವೈಸರ್. ಈ ಸಲ ಲಾಗಿನ್ ಆಯಿತು, ಮೂರು ನಿಮಿಷದಲ್ಲಿ ಮುಗಿಯಿತು.

ಆಂಟಿ, ಮನೆಯಲ್ಲೂ ಹೇಳಿದೆ. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು ‘ಡಬ್ಲ್ಯೂ ಅಂದರೆ ಎಷ್ಟು ಪರ್ಸೆಂಟ್’ ಅಂದರು. ಪರ್ಸೆಂಟ್ ಇಲ್ಲ ಅಪ್ಪ ಅಂದೆ. ‘ಪರ್ಸೆಂಟ್ ಇಲ್ಲದ್ದಕ್ಕೆ ಫೀಸ್ ವಾಪಸ್ ಕೊಡ್ತಾರಾ’ ಅಂತ ಕೇಳಿದರು. ಕೊಡಲ್ಲ. ಅದಕ್ಕೆ ಮಾತ್ರ ಕೂಗಾಡಿದರು.

ಇನ್ನೊಂದು ಪ್ರಶ್ನೆ ಉಳಿದಿದೆ. ಫಿಸಿಕ್ಸ್ 1 ಮತ್ತು 2 ಎರಡನ್ನೂ ಬೇಸಿಗೆಯ 10 ವಾರದಲ್ಲಿ ಮುಗಿಸುವುದಾ, ಅಥವಾ ಮೂರನೇ ವರ್ಷಕ್ಕೆ ಇಡುವುದಾ? ಬೇಸಿಗೆಯಲ್ಲಿ ಮಾಡಿದವರು ಯಾರಾದರೂ ಇದ್ದರೆ, ವಾರಕ್ಕೆ ಎಷ್ಟು ಲ್ಯಾಬ್ ಇತ್ತು ಅಂತ ಹೇಳಿ. ಇವತ್ತು ಮಂಗಳವಾರ. ಟೀ ಎಲೆಯಿಂದ ಕೆಫೀನ್ ತೆಗೆಯುವುದಂತೆ, ಜೋರಾಗಿ ಅಲ್ಲಾಡಿಸಿದರೆ ಎಲ್ಲ ನೊರೆನೊರೆಯಾಗಿ ಪದರ ಬೇರೆ ಆಗಲ್ಲ ಅಂತ ಪುಸ್ತಕದಲ್ಲಿದೆ. ಮೆಲ್ಲಗೆ ಅಲ್ಲಾಡಿಸುತ್ತೇನೆ. 1:20 ಆಯಿತು, ಹೊರಟೆ.